ಗಟ್ಟಿ ಗೆರೆ, ಚುಕ್ಕಿ ಗೆರೆ

ಮುಂಗಾರಿನ ಮೊದಲ ಮಳೆಗೆ ಅಂಗಳದ ಮಣ್ಣು ನೆನೆದು ಹದವಾದ ಮೇಲೆ ನಮ್ಮ ಜಗಲಿಗೆ ಕುಂಬಾರ ಕಣಜಗಳು ಬರತೊಡಗುತ್ತವೆ. ಎಳೆಯಂಥ ಸೊಂಟ, ಕಪ್ಪು ಮೈ, ಹಳದಿ ಕಾಲು. ಕೀಟತಜ್ಞರು ಸೆಲಿಫ್ರಾನ್ ಎಂದು ಹೆಸರಿಟ್ಟಿರುವ ಕುಲ. ಬಚ್ಚಲ ನೀರು ಹರಿದುಹೋಗುವ ತೋಡಿನ ಅಂಚಿನಲ್ಲಿ ತಲೆ ತಗ್ಗಿಸಿ, ಹಿಂಭಾಗ ಎತ್ತಿ ನಿಂತು ಕೆಸರನ್ನು ಉಂಡೆ ಕಟ್ಟುತ್ತದೆ. ಉಂಡೆಯನ್ನು ದವಡೆಯಲ್ಲಿ ಕಚ್ಚಿ ತಂದು ತೊಲೆಯ ಮಗ್ಗುಲಿಗೆ ಮೆತ್ತುತ್ತದೆ. ಮೆತ್ತುವಾಗ ಗುಂಯ್ ಎಂಬ ತೆಳುವಾದ ಸದ್ದು ಕೇಳುತ್ತದೆ. ಮೈಯ ಆ ಕಂಪನಕ್ಕೆ ಹಸಿ ಮಣ್ಣು ಸಡಿಲಾಗಿ ನುಣ್ಣಗೆ ಹರಡಿಕೊಳ್ಳುತ್ತದೆ. ಉಂಡೆ ಮುಗಿದರೆ ಸದ್ದೂ ನಿಂತಿತು, ಹುಳುವೂ ಹಾರಿತು.

ಮಣ್ಣಿನ ಕೆಲಸವೆಲ್ಲ ಹೆಣ್ಣಿನದೇ. ಹೆಚ್ಚುಕಡಿಮೆ ಒಂದಂಗುಲ ಉದ್ದದ ಕೊಳವೆಯಂಥ ಕೋಣೆ ಸಿದ್ಧವಾದೊಡನೆ ಅದು ಮಣ್ಣು ತರುವುದನ್ನು ಬಿಟ್ಟು ಜೇಡದ ಬೇಟೆಗೆ ತೊಡಗುತ್ತದೆ. ಬಲೆ ನೇಯುವ ಜೇಡ, ಹೂವಿನ ಮೇಲೆ ಹೊಂಚುವ ಏಡಿಜೇಡ, ಗೋಡೆಯ ಮೇಲೆ ನೆಗೆಯುವ ಜೇಡ, ಯಾವುದು ಸಿಕ್ಕಿದರೆ ಅದು. ಕೊಂಡಿಯಿಂದ ಚುಚ್ಚಿದ ಜೇಡ ಸಾಮಾನ್ಯವಾಗಿ ಸಾಯುವುದಿಲ್ಲ, ಮಿಸುಕಾಡದಂತಾಗುತ್ತದೆ. ಕೊಳೆಯದೆ ಉಳಿಯುವ ಆ ಜೇಡಗಳನ್ನು ಕೋಣೆಯೊಳಗೆ ತುರುಕಿ, ತುಂಬಿದ ಮೇಲೆ ಬಾಯಿಗೆ ಮಣ್ಣಿನ ಮುಚ್ಚಳ ಹಾಕಿ, ಪಕ್ಕದಲ್ಲೇ ಇನ್ನೊಂದು ಕೋಣೆ ಹಿಡಿಯುತ್ತದೆ. ಕೋಣೆಗಳೆಲ್ಲ ಮುಗಿದ ಬಳಿಕ ಇಡೀ ಗುಂಪಿನ ಮೇಲೆ ಒರಟು ಮಣ್ಣಿನ ಗಿಲಾವು. ಆಮೇಲೆ ನೋಡಿದವರಿಗೆ ತೊಲೆಗೆ ಯಾರೋ ಹಿಡಿ ಕೆಸರು ಎಸೆದಂತೆ ಕಾಣುತ್ತದೆ.

ಇದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದರೆ ಹೀಗಿರುತ್ತದೆ: ಕೆಸರು ತಂತು. ಮೆತ್ತಿತು. ಹೋಯಿತು. ಕೆಸರು ತಂತು. ಮೆತ್ತಿತು. ಏನನ್ನೂ ತಾರದೆ ಬಂತು, ಗೂಡಿನ ಬಾಯಿಗೆ ಮೀಸೆ ಆಡಿಸಿತು, ಹೋಯಿತು. ಜೇಡದೊಂದಿಗೆ ಬಂತು. ಪ್ರತಿ ಸಾಲಿನ ಮುಂದೆ ಗಡಿಯಾರದ ಹೊತ್ತು. ಪುಸ್ತಕದ ಈ ಬರವಣಿಗೆ ಹೊತ್ತಿನ ಜೊತೆ ಮುಂದಕ್ಕೇ ಹೋಗುತ್ತದೆ. ಯಾವುದರ ಬೆನ್ನಿಗೆ ಯಾವುದು ಬರುತ್ತದೆ, ಎಲ್ಲಿಂದ ಎಲ್ಲಿಗೆ ಮರಳುತ್ತದೆ, ಯಾವ ಘಟ್ಟ ದಾಟಿದ ಮೇಲೆ ಮರಳುವುದಿಲ್ಲ ಎಂಬುದು ಪುಟಗಳ ನಡುವೆ ಚೆದುರಿಹೋಗಿರುತ್ತದೆ.

ಪ್ರಾಣಿಗಳ ನಡವಳಿಕೆ ನೋಡುವವರು ಇದಕ್ಕೆ ಬಹಳ ಹಿಂದೆಯೇ ಬಾಣದ ದಾರಿ ಹಿಡಿದಿದ್ದಾರೆ. ನಿಕೊ ಟಿನ್‌ಬರ್ಗನ್ 1951ರ ತಮ್ಮ ಪುಸ್ತಕದಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಪ್ರಣಯವನ್ನು ಬಾಣಗಳ ಸರಪಳಿಯಾಗಿ ತೋರಿಸಿದರು. ಹೆಣ್ಣು ಕಾಣಿಸಿಕೊಂಡರೆ ಗಂಡಿನ ಅಂಕುಡೊಂಕು ಕುಣಿತ, ಕುಣಿತ ನೋಡಿ ಹೆಣ್ಣು ಹತ್ತಿರ ಬಂದರೆ ಗಂಡು ಗೂಡಿನ ಕಡೆ ಈಜುವುದು, ಹೆಣ್ಣು ಹಿಂಬಾಲಿಸಿದರೆ ಗಂಡು ಗೂಡಿನ ಬಾಗಿಲು ತೋರುವುದು. ಒಬ್ಬರ ನಡೆ ಇನ್ನೊಬ್ಬರಿಗೆ ಸನ್ನೆ. ಇಂಥ ಕೆಲಸಗಳಿಂದಲೇ ಪ್ರಾಣಿ ವರ್ತನೆಯ ಅಧ್ಯಯನ ಒಂದು ಶಾಸ್ತ್ರವಾಗಿ ನಿಂತಿತು. 1973ರಲ್ಲಿ ಕಾನ್ರಾಡ್ ಲೊರೆಂಝ್ ಮತ್ತು ಕಾರ್ಲ್ ಫಾನ್ ಫ್ರಿಶ್ ಜೊತೆಗೆ ಟಿನ್‌ಬರ್ಗನ್‌ಗೆ ನೊಬೆಲ್ ಬಂತು.

ಕೈಯಲ್ಲಿ ಬಾಣ ಎಳೆಯುವುದರಲ್ಲಿ ಒಂದು ತೊಡಕಿದೆ. ಹೊಸದೊಂದು ನಡೆ ಕಣ್ಣಿಗೆ ಬಿದ್ದರೆ ಚಿತ್ರದಲ್ಲಿ ಜಾಗ ಇರುವುದಿಲ್ಲ. ಅಳಿಸಿ ಬರೆಯಬೇಕು, ಇಲ್ಲವೇ ಮೂಲೆಗೆ ಸುತ್ತುಬಳಸಿ ಗೆರೆ ತರಬೇಕು. ಚಿತ್ರ ಅಂದಗೆಡುತ್ತದೆಂದು ಕಂಡದ್ದನ್ನೇ ಕೈಬಿಡುವ ಆಸೆ ಹುಟ್ಟುತ್ತದೆ. ನೋಡುವವರಿಗೆ ಅದಕ್ಕಿಂತ ಕೆಟ್ಟ ಅಭ್ಯಾಸ ಬೇರೆ ಇಲ್ಲ.

ಹಾಗಾಗಿ ಈಚೆಗೆ ಕಣಜದ ಟಿಪ್ಪಣಿಯನ್ನು ನಾನು ಮರ್ಮೇಡ್‌ನ ಬಾಣದ ಸಾಲುಗಳಲ್ಲಿ ಬರೆಯುತ್ತಿದ್ದೇನೆ. ಮರ್ಮೇಡ್ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ. ಸ್ವೀಡನ್ನಿನ ಕ್ನೂಟ್ ಸ್ವೇಡ್‌ಕ್ವಿಸ್ಟ್ 2014ರಲ್ಲಿ ಇದನ್ನು ಶುರುಮಾಡಿದರು. ಸಾಫ್ಟ್‌ವೇರ್ ಬರೆಯುವವರು ತಮ್ಮ ವ್ಯವಸ್ಥೆಯ ಚಿತ್ರಗಳನ್ನು ಮೌಸ್ ಹಿಡಿದು ಬಿಡಿಸುವ ಬದಲು ಓದಲು ಬರುವ ಸಾಲುಗಳಲ್ಲಿ ಬರೆದಿಡಲಿ ಎಂಬುದು ಉದ್ದೇಶ. 2022ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ಬರಹಗಳನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಈ ಸಾಲುಗಳನ್ನು ನೇರವಾಗಿ ಚಿತ್ರವಾಗಿ ತೋರಿಸಲು ಆರಂಭಿಸಿದ ಮೇಲೆ ಬಳಕೆ ಬಹಳ ಹರಡಿತು. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ, ಬ್ರೌಸರ್ ಒಳಗೇ ಓಡುತ್ತದೆ. ಕಡತವನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಸಿಗದ ಕಾಡಂಚಿನಲ್ಲೂ ಚಿತ್ರ ಮೂಡುತ್ತದೆ.

ಕಣಜದ ಕೆಲಸ ಮರ್ಮೇಡ್‌ಗೆ ಬರೆದಾಗ ಹೀಗೆ ಓದುತ್ತದೆ. ಗುರುತಕ್ಷರಗಳನ್ನು ಬಿಟ್ಟು ಮಾತನ್ನಷ್ಟೇ ಕೊಟ್ಟಿದ್ದೇನೆ:

ಮಣ್ಣು ತರುವುದು --> ಗೋಡೆ ಮೆತ್ತುವುದು
ಗೋಡೆ ಮೆತ್ತುವುದು --> ಮಣ್ಣು ತರುವುದು
ಗೋಡೆ ಮೆತ್ತುವುದು -->|ಕೊಳವೆ ಮುಗಿಯಿತು| ಜೇಡ ಹುಡುಕುವುದು
ಜೇಡ ಹುಡುಕುವುದು --> ಜೇಡ ತುರುಕುವುದು
ಜೇಡ ತುರುಕುವುದು --> ಜೇಡ ಹುಡುಕುವುದು
ಜೇಡ ತುರುಕುವುದು -->|ಕೋಣೆ ತುಂಬಿತು| ಮುಚ್ಚಳ ಹಾಕುವುದು

ಕಂಪ್ಯೂಟರ್ ಮುಟ್ಟದವರೂ ಇದನ್ನು ಓದಬಲ್ಲರು. ಎರಡು ಗೆರೆಯಷ್ಟು ಉದ್ದದ ಬಾಣ ಒಂದು ನಡೆಯಿಂದ ಮುಂದಿನ ನಡೆಗೆ ದಾರಿ. ನಿಂತ ಗೆರೆಗಳ ನಡುವಿನ ಮಾತು ಆ ದಾರಿ ತೆರೆಯುವ ಘಟನೆ. ಹೊಸದು ಕಂಡರೆ ಒಂದು ಸಾಲು ಸೇರಿಸಿದರಾಯಿತು. ಜಾಗ ಮಾಡಿಕೊಳ್ಳುವ ಕೆಲಸ ಲೈಬ್ರರಿಯದು.

ಹುಳುವನ್ನು ನೋಡುವಷ್ಟೇ ಸಾವಧಾನದಿಂದ ಈ ಲೈಬ್ರರಿಯ ನಡವಳಿಕೆಯನ್ನೂ ನೋಡಬಹುದು. ಮೊದಲು ಅದು ಸಾಲುಗಳನ್ನು ಅಕ್ಷರ ಅಕ್ಷರವಾಗಿ ಓದಿ ತುಂಡರಿಸುತ್ತದೆ: ಇದು ಹೆಸರು, ಇದು ಬಾಣ, ಇದು ಬಾಣದ ಮೇಲಿನ ಮಾತು. ತುಂಡರಿಸುವ ವ್ಯಾಕರಣ ಜಿಸನ್ ಎಂಬ ಇನ್ನೊಂದು ಜಾವಾಸ್ಕ್ರಿಪ್ಟ್ ಸಾಧನದಿಂದ ತಯಾರಾದದ್ದು. ಆಮೇಲೆ ಗಂಟುಗಳ, ಎಂದರೆ ಹೆಸರಿಟ್ಟ ನಡೆಗಳ ಪಟ್ಟಿ, ಗಂಟಿನಿಂದ ಗಂಟಿಗೆ ಹೋಗುವ ಗೆರೆಗಳ ಪಟ್ಟಿ. ಇವು ಡಾಗ್ರೆ ಎಂಬ ಮತ್ತೊಂದು ಲೈಬ್ರರಿಯ ಕೈಗೆ ಹೋಗುತ್ತವೆ. 1993ರಲ್ಲಿ ಎಟಿ ಅಂಡ್ ಟಿ ಬೆಲ್ ಲ್ಯಾಬ್ಸ್‌ನ ಎಮ್ಡನ್ ಗ್ಯಾನ್ಸ್ನರ್ ಮತ್ತು ಸಂಗಡಿಗರು ಬಾಣಚಿತ್ರ ಬಿಡಿಸಲು ಪ್ರಕಟಿಸಿದ ವಿಧಾನ ಡಾಗ್ರೆಯ ಬೇರು. ಡಾಗ್ರೆಯ ಕೆಲಸದಲ್ಲಿ ಮುಖ್ಯ ಹೆಜ್ಜೆ ನಾಲ್ಕು. ಸುತ್ತಿ ಮರಳುವ ಬಾಣಗಳನ್ನು ತಾತ್ಕಾಲಿಕವಾಗಿ ತಿರುವಿಹಾಕಿ ಸುತ್ತನ್ನು ಬಿಡಿಸುವುದು, ಪ್ರತಿ ಗಂಟಿಗೂ ಮೇಲಿನಿಂದ ಕೆಳಕ್ಕೆ ಒಂದು ಸಾಲು ಗೊತ್ತುಮಾಡುವುದು, ಗೆರೆಗಳು ಆದಷ್ಟು ಕಡಿಮೆ ಅಡ್ಡಹಾಯುವಂತೆ ಒಂದೊಂದು ಸಾಲಿನಲ್ಲಿ ಗಂಟುಗಳ ಜಾಗ ಅದಲುಬದಲು ಮಾಡುವುದು, ಕೊನೆಗೆ ಅಳತೆಯ ಪ್ರಕಾರ ಕೂರಿಸುವುದು. ಮುಗಿದ ಮೇಲೆ ತಿರುವಿದ ಬಾಣಗಳನ್ನು ಮೊದಲಿದ್ದಂತೆ ನೆಟ್ಟಗೆ ಮಾಡುತ್ತದೆ.

ಈ ಮೊದಲ ಹೆಜ್ಜೆ ಗಮನಿಸಬೇಕಾದ್ದು. ಕಣಜದ ಬದುಕಿನಲ್ಲಿ ಮರಳುವ ಬಾಣಗಳೇ ಹೆಚ್ಚು. ಮಣ್ಣಿಗೆ ಮರಳುವುದು, ಜೇಡಕ್ಕೆ ಮರಳುವುದು, ಒಂದು ಕೋಣೆ ಮುಚ್ಚಿ ಮತ್ತೆ ಮೊದಲ ಉಂಡೆಗೆ ಮರಳುವುದು. ಚಿತ್ರದಲ್ಲಿ ಮಾತ್ರ ಎಲ್ಲವೂ ಮೇಲಿನಿಂದ ಕೆಳಕ್ಕೆ ಇಳಿಯುವಂತೆ, ಆದಿ ಅಂತ್ಯ ಇರುವಂತೆ ಕಾಣುತ್ತದೆ. ಆ ಇಳಿಜಾರು ಲೈಬ್ರರಿಯದು, ಹುಳುವಿನದಲ್ಲ. ಚಿತ್ರ ಓದುವಾಗ ಇದು ನೆನಪಿರಬೇಕು.

ಇನ್ನು ಕೆಲವು ವಿಚಿತ್ರ ಸ್ವಭಾವಗಳು. ಎಂಡ್ ಎಂಬ ಇಂಗ್ಲಿಷ್ ಪದವನ್ನು ಪೂರ್ತಿ ಸಣ್ಣ ಅಕ್ಷರದಲ್ಲಿ ಗಂಟಿನ ಹೆಸರಾಗಿ ಇಟ್ಟರೆ ಚಿತ್ರವೇ ಮುರಿದುಬೀಳುತ್ತದೆ. ಅದು ವ್ಯಾಕರಣಕ್ಕೆ ಮೀಸಲಾದ ಪದ. ಬಾಣದ ಗೆರೆಗೆ ತಾಗಿದಂತೆ ಸಣ್ಣ ಓ ಅಕ್ಷರದಿಂದ ಶುರುವಾಗುವ ಹೆಸರು ಬರೆದರೆ ಆ ಓ ಹೆಸರಿನಿಂದ ಕಳಚಿ ಗೆರೆಯ ತುದಿಯ ಉಂಗುರವಾಗುತ್ತದೆ. ಸಣ್ಣ ಎಕ್ಸ್ ಆದರೆ ತುದಿಯಲ್ಲಿ ಗುಣಿಸು ಚಿಹ್ನೆಯಂಥ ಗುರುತು. ನಡುವೆ ಒಂದು ತೆರಪು ಬಿಟ್ಟರೆ ಸರಿಹೋಗುತ್ತದೆ. ಕನ್ನಡದ ಮಾತನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗಿಟ್ಟು, ಅದರ ಮುಂದೆ ಒಂದು ಇಂಗ್ಲಿಷ್ ಗುರುತಕ್ಷರ ಕೊಡುವುದು ಕ್ಷೇಮ. ಹಾಗೆ ಕೊಟ್ಟರೆ ಒತ್ತಕ್ಷರ, ಕಾಗುಣಿತ ಯಾವುದೂ ಕೆಡದೆ ಮೂಡುತ್ತದೆ. ಇನ್ನೊಂದು ಅನುಕೂಲ: ಎರಡು ಶೇಕಡಾ ಚಿಹ್ನೆಗಳಿಂದ ಶುರುವಾಗುವ ಸಾಲನ್ನು ಲೈಬ್ರರಿ ಓದುವುದಿಲ್ಲ. ಚಿತ್ರಕ್ಕೆ ಬಾರದ ಆ ಸಾಲುಗಳಲ್ಲಿ ತಾರೀಖು, ಹೊತ್ತು, ಮೋಡ, ಗಾಳಿ ಎಲ್ಲ ಬರೆಯಬಹುದು. ನೋಡಿದ್ದಕ್ಕೆ ಸಾಕ್ಷಿ ಬಾಣದ ಪಕ್ಕದಲ್ಲೇ ಉಳಿಯುತ್ತದೆ.

ನನ್ನ ಮಟ್ಟಿಗೆ ಈ ಲೈಬ್ರರಿಯ ದೊಡ್ಡ ಗುಣ ಬೇರೆಯೇ. ಅದರಲ್ಲಿ ಬಾಣಕ್ಕೆ ಮೂರು ಬಗೆಯಿದೆ: ಗಟ್ಟಿ ಗೆರೆ, ದಪ್ಪ ಗೆರೆ, ಚುಕ್ಕಿ ಗೆರೆ. ಮಾಮೂಲಿ ಬಾಣದ ನಡುವೆ ಒಂದು ಚುಕ್ಕಿ ಇಟ್ಟರೆ ಚಿತ್ರದಲ್ಲಿ ಬಿಡಿಬಿಡಿ ಗೆರೆ ಬರುತ್ತದೆ. ಕಣ್ಣಾರೆ ಕಂಡದ್ದಕ್ಕೆ ಗಟ್ಟಿ ಗೆರೆ, ಪುಸ್ತಕದಿಂದಲೋ ಊಹೆಯಿಂದಲೋ ಸೇರಿಸಿದ್ದಕ್ಕೆ ಚುಕ್ಕಿ ಗೆರೆ ಎಂಬ ಕಟ್ಟುಪಾಡು ಹಾಕಿಕೊಂಡಿದ್ದೇನೆ.

ಮೊಟ್ಟೆಯ ವಿಷಯದಲ್ಲಿ ಈ ಕಟ್ಟುಪಾಡು ಕೂಡಲೇ ಕೆಲಸಕ್ಕೆ ಬರುತ್ತದೆ. ಸೆಲಿಫ್ರಾನ್ ಮೊದಮೊದಲು ತಂದ ಜೇಡಗಳಲ್ಲೊಂದರ ಮೈಗೆ ಮೊಟ್ಟೆ ಅಂಟಿಸುತ್ತದೆ ಎಂದು ಗೂಡು ಬಿಚ್ಚಿ ನೋಡಿದವರು ಬರೆದಿದ್ದಾರೆ. ಜಗಲಿಯಲ್ಲಿ ಕೂತವರಿಗೆ ಮೊಟ್ಟೆ ಕಾಣುವುದಿಲ್ಲ. ಕಾಣುವುದು ಇಷ್ಟು: ಜೇಡವನ್ನು ತಲೆಯಿಂದ ಒತ್ತಿ ಒಳಗೆ ತಳ್ಳಿದ ಮೇಲೆ ಕಣಜ ಹಿಂದೆ ಸರಿದು ತಿರುಗಿ, ಹೊಟ್ಟೆಯ ತುದಿಯನ್ನು ಕೋಣೆಯೊಳಗೆ ಇಳಿಬಿಟ್ಟು ಸ್ವಲ್ಪ ಹೊತ್ತು ಅಲುಗದೆ ನಿಲ್ಲುತ್ತದೆ. ಆದ್ದರಿಂದ ಜೇಡ ತುರುಕುವುದರಿಂದ ಹೊಟ್ಟೆ ಇಳಿಬಿಡುವುದಕ್ಕೆ ಗಟ್ಟಿ ಗೆರೆ, ಅಲ್ಲಿಂದ ಮೊಟ್ಟೆಗೆ ಚುಕ್ಕಿ ಗೆರೆ. ಮರಿ ಹುಳು ಜೇಡಗಳನ್ನು ತಿಂದು, ಗೂಡಿನೊಳಗೆ ರೇಷ್ಮೆಯ ಕೋಶ ಹೆಣೆದುಕೊಂಡು, ರೂಪ ಬದಲಿಸುವುದೂ ಚುಕ್ಕಿ ಗೆರೆಯೇ. ಕೊನೆಗೆ ಮಣ್ಣು ಕೊರೆದು ಹೊಸ ಕಣಜ ಹೊರಬರುವುದಕ್ಕೆ ಮತ್ತೆ ಗಟ್ಟಿ ಗೆರೆ.

ನಮ್ಮ ಕಿಟಕಿಯ ಚೌಕಟ್ಟಿಗೆ ಬರುವ ಇನ್ನೊಂದು ಕಣಜವಿದೆ. ಕಂದು ಹಳದಿ ಮೈಯ ಡೆಲ್ಟಾ, ದುಂಡನೆಯ ಮಡಕೆಯಂಥ ಗೂಡು ಮಾಡುವಂಥದು. ಮಣ್ಣು, ಗೋಡೆ, ಬೇಟೆ, ಮುಚ್ಚಳ ಎಲ್ಲ ಇದಕ್ಕೂ ಉಂಟು. ಬೇಟೆ ಮಾತ್ರ ಜೇಡವಲ್ಲ, ಹಸಿರು ಎಲೆಹುಳ. ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಇನ್ನೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ಡೆಲ್ಟಾ ಖಾಲಿ ಮಡಕೆಗೇ ಹೊಟ್ಟೆಯ ತುದಿ ಇಳಿಬಿಡುತ್ತದೆ. ಒಂದು ಹುಳವನ್ನೂ ತರುವ ಮುನ್ನ. ಈ ಬಳಗದ ಕಣಜಗಳು ಮೊಟ್ಟೆಯನ್ನು ಸಣ್ಣ ಎಳೆಯೊಂದರಿಂದ ಗೋಡೆಗೆ ತೂಗುಬಿಟ್ಟು ಆಮೇಲೆ ಆಹಾರ ತುಂಬುತ್ತವೆ. ಸೆಲಿಫ್ರಾನ್‌ನಲ್ಲಿ ಆಹಾರ ಮೊದಲು, ಮೊಟ್ಟೆ ನಂತರ. ಡೆಲ್ಟಾದಲ್ಲಿ ಮೊಟ್ಟೆ ಮೊದಲು, ಆಹಾರ ನಂತರ. ಗೂಡಿನ ಆಕಾರ, ಮೈಯ ಬಣ್ಣ ನೋಡಿ ಗುರುತಿಸುವ ಎರಡು ಹುಳುಗಳನ್ನು ಎರಡು ಬಾಣಗಳ ಅನುಕ್ರಮ ನೋಡಿಯೂ ಗುರುತಿಸಬಹುದು. ಟಿಪ್ಪಣಿ ಪುಸ್ತಕದ ಉದ್ದನೆಯ ಪುಟಗಳಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ.

ಸಾಲುಗಳಿಗೆ ಇನ್ನೊಂದು ಜೀವ ಇದೆ. ಅವು ಚಿತ್ರವಾಗುವುದಲ್ಲದೆ ಓಡುವ ಯಂತ್ರವೂ ಆಗಬಲ್ಲವು. ಇದರ ಹಿಂದೆ ಡೇವಿಡ್ ಹ್ಯಾರೆಲ್ ಎಂಬ ಇಸ್ರೇಲಿ ಗಣಕ ವಿಜ್ಞಾನಿಯ ಕೆಲಸವಿದೆ. 1980ರ ದಶಕದಲ್ಲಿ ಅವರು ಲಾವಿ ಎಂಬ ಯುದ್ಧವಿಮಾನದ ತಂಡಕ್ಕೆ ಸಲಹೆಗಾರರಾಗಿದ್ದರು. ವಿಮಾನದ ಉಪಕರಣಗಳು ಯಾವ ಸಂದರ್ಭದಲ್ಲಿ ಏನು ಮಾಡಬೇಕು ಎಂಬುದು ದಪ್ಪ ದಪ್ಪ ದಾಖಲೆಗಳಲ್ಲಿ ಹೂತುಹೋಗಿತ್ತು. ಅದನ್ನು ಹೊರತೆಗೆಯಲು ಸ್ಥಿತಿಗಳನ್ನೂ ಘಟನೆಗಳನ್ನೂ ತೋರುವ ಒಂದು ಚಿತ್ರಭಾಷೆ ಮಾಡಿಕೊಂಡರು, 1987ರಲ್ಲಿ ಸ್ಟೇಟ್‌ಚಾರ್ಟ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮುಂದೆ ಅದೇ ಭಾಷೆಯಲ್ಲಿ ಅವರೂ ಸಹೋದ್ಯೋಗಿಗಳೂ ನಮ್ಮ ದೇಹದ ರೋಗನಿರೋಧಕ ಟಿ ಜೀವಕೋಶದ ನಡವಳಿಕೆ ಬರೆದರು. ವಿಮಾನಕ್ಕೆ ಹುಟ್ಟಿದ ಚಿತ್ರ ಜೀವಿಗೂ ಒಗ್ಗಿತು. 2015ರಲ್ಲಿ ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇಂಥ ಯಂತ್ರಗಳನ್ನು ಪಠ್ಯದಲ್ಲಿ ಬರೆಯುವ ಮಾನಕವೊಂದನ್ನು ಹೊರತಂದಿತು. ಡೇವಿಡ್ ಖೂರ್ಶಿದ್ ಆರಂಭಿಸಿದ ಎಕ್ಸ್‌ಸ್ಟೇಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಇದೇ ಸಂಪ್ರದಾಯದ್ದು.

ಎಕ್ಸ್‌ಸ್ಟೇಟ್‌ಗೆ ಬೇಕಾದ್ದು ಒಂದು ಕಾನ್ಫಿಗರೇಷನ್. ಯಾವ ಸ್ಥಿತಿಯಿಂದ ಶುರು, ಒಂದೊಂದು ಸ್ಥಿತಿಯಲ್ಲಿ ಯಾವ ಘಟನೆ ಬಂದರೆ ಯಾವ ಸ್ಥಿತಿಗೆ ಹೋಗಬೇಕು ಎಂಬ ಗೂಡುಗೂಡಾದ ಪಟ್ಟಿ. ಅದನ್ನು ಕೈಯಾರೆ ಬರೆದರೆ ಆವರಣ ಚಿಹ್ನೆಗಳ ಕಾಡಿನಲ್ಲಿ ಕಣಜ ಕಾಣೆಯಾಗುತ್ತದೆ. ಬಾಣದ ಸಾಲುಗಳಿಂದ ಅದನ್ನು ಪಡೆಯುವುದು ಕಷ್ಟವಲ್ಲ. ಸಾಲನ್ನು ಬಾಣದ ಗುರುತಿನಲ್ಲಿ ಸೀಳಿದರೆ ಎಡಕ್ಕೆ ಸಿಕ್ಕಿದ್ದು ಈಗಿನ ಸ್ಥಿತಿ, ನಿಂತ ಗೆರೆಗಳ ನಡುವೆ ಸಿಕ್ಕಿದ್ದು ಘಟನೆ, ಬಲಕ್ಕೆ ಸಿಕ್ಕಿದ್ದು ಮುಂದಿನ ಸ್ಥಿತಿ. ಒಂದೇ ಸ್ಥಿತಿಯ ಸಾಲುಗಳನ್ನೆಲ್ಲ ಒಟ್ಟುಹಾಕಿದರೆ ಕಾನ್ಫಿಗರೇಷನ್ ಸಿದ್ಧ. ಹೆಸರಿಲ್ಲದ ಬಾಣಗಳಿಗೆ ಮಾತ್ರ ಹೆಸರು ಕೊಡಬೇಕಾಗುತ್ತದೆ. ಯಂತ್ರಕ್ಕೆ ಏನಾಯಿತು ಎಂದು ಹೇಳದೆ ಅದು ಸಾಮಾನ್ಯವಾಗಿ ಕದಲುವುದಿಲ್ಲ.

ಹೆಸರು ಕೊಡುವ ಈ ಒತ್ತಾಯ ಒಳ್ಳೆಯದು. ಗೋಡೆ ಮೆತ್ತಿದ ಕಣಜ ಒಮ್ಮೆ ಮತ್ತೆ ತೋಡಿಗೆ ಹೋಗುತ್ತದೆ, ಒಮ್ಮೆ ತೊಲೆಯ ಮೇಲೆ ಸುಮ್ಮನೆ ಕೂರುತ್ತದೆ. ಒಂದೇ ಸ್ಥಿತಿ, ಒಂದೇ ಘಟನೆ, ದಾರಿ ಮಾತ್ರ ಎರಡು. ಚಿತ್ರ ಎರಡು ಬಾಣ ಎಳೆದು ಸುಮ್ಮನಾಗುತ್ತದೆ. ಯಂತ್ರಕ್ಕೆ ಅಷ್ಟು ಸಾಲದು, ಯಾವಾಗ ಇದು, ಯಾವಾಗ ಅದು ಎಂಬ ಷರತ್ತು ಬೇಕು. ಎಕ್ಸ್‌ಸ್ಟೇಟ್ ಷರತ್ತುಗಳನ್ನು ಬರೆದ ಕ್ರಮದಲ್ಲೇ ನೋಡುತ್ತ ಹೋಗಿ ಮೊದಲು ಒಪ್ಪಿದ್ದನ್ನು ಹಿಡಿಯುತ್ತದೆ. ಆಗ ಶೇಕಡಾ ಚಿಹ್ನೆಯ ಸಾಲುಗಳಿಗೆ ಮರಳಿ ಹುಡುಕಬೇಕು. ಕೂತ ಹೊತ್ತುಗಳಲ್ಲೆಲ್ಲ ಮೋಡ ಕವಿದಿತ್ತು, ಹನಿ ಶುರುವಾಗಿತ್ತು ಎಂದು ಅಲ್ಲಿ ಬರೆದದ್ದು ಸಿಗುತ್ತದೆ. ಮಳೆಯಿಲ್ಲ ಎಂಬ ಷರತ್ತು ತೋಡಿಗೆ ಮರಳುವ ಬಾಣಕ್ಕೆ ಸೇರುತ್ತದೆ, ಸದ್ಯಕ್ಕೆ ಚುಕ್ಕಿ ಗೆರೆಯಾಗಿ.

ಇನ್ನೊಂದು ಗುಣವೂ ಕಣಜಕ್ಕೆ ಹತ್ತಿರದ್ದು. ಆಯಾ ಸ್ಥಿತಿಯಲ್ಲಿ ಹೆಸರಿಸದ ಘಟನೆಯನ್ನು ಕಳಿಸಿದರೆ ಎಕ್ಸ್‌ಸ್ಟೇಟ್‌ನ ಯಂತ್ರ ಇದ್ದಲ್ಲೇ ಇರುತ್ತದೆ. ಫ್ರಾನ್ಸಿನ ಕೀಟ ವೀಕ್ಷಕ ಜಾನ್ ಆನ್ರಿ ಫಾಬ್ರ್ ಕುಂಬಾರ ಕಣಜದ ಮೇಲೆ ಮಾಡಿದ ಪರೀಕ್ಷೆಗಳು ಇಲ್ಲಿ ನೆನಪಾಗುತ್ತವೆ. ಕಣಜ ಜೇಡ ಇಟ್ಟು ಹೋದಾಗಲೆಲ್ಲ ಅವರು ಅದನ್ನು ತೆಗೆದುಬಿಡುತ್ತಿದ್ದರು. ಕಣಜ ತರುತ್ತಲೇ ಹೋಯಿತು, ಕೊನೆಗೆ ಖಾಲಿ ಕೋಣೆಗೆ ಮುಚ್ಚಳ ಹಾಕಿತು. ಗಿಲಾವಿನ ಹಂತದಲ್ಲಿ ಇಡೀ ಗೂಡನ್ನೇ ಗೋಡೆಯಿಂದ ಕಿತ್ತರು. ಕಣಜ ಗೂಡಿಲ್ಲದ ಬರಿ ಗೋಡೆಗೆ ಮಣ್ಣು ಬಳಿಯಿತು. ಗೂಡು ಇಲ್ಲವಾಯಿತು ಎಂಬ ಘಟನೆ ಅದರ ಆ ಸ್ಥಿತಿಯ ಪಟ್ಟಿಯಲ್ಲಿ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಿ ಹುಳು ಎಂದರೆ ಯಂತ್ರ ಎಂದು ತೀರ್ಪು ಕೊಟ್ಟವರು ಬಹಳ. ಸ್ಫೆಕ್ಸ್ ಎಂಬ ಇನ್ನೊಂದು ಕಣಜದ ಕತೆ ಅದಕ್ಕಿಂತ ಪ್ರಸಿದ್ಧ. ಹಿಡಿದ ಬೇಟೆಯನ್ನು ಬಿಲದ ಬಾಯಲ್ಲಿಟ್ಟು ಒಳಹೋಗಿ ನೋಡಿಬರುವ ಹುಳು ಅದು. ಆ ಹೊತ್ತಿಗೆ ಬೇಟೆಯನ್ನು ಸ್ವಲ್ಪ ದೂರ ಸರಿಸಿದರೆ ಮತ್ತೆ ತಂದು ಬಾಯಲ್ಲಿಟ್ಟು ಮತ್ತೆ ಒಳಹೋಗುತ್ತದೆ, ಎಷ್ಟು ಸಲ ಸರಿಸಿದರೂ ಅಷ್ಟು ಸಲ. ಬುದ್ಧಿಯ ಬಗ್ಗೆ ಬರೆದ ಅನೇಕರು ಈ ಕತೆಯನ್ನು ಕೈಯಿಂದ ಕೈಗೆ ದಾಟಿಸಿದರು. ಎಲ್ಲ ಸ್ಫೆಕ್ಸ್‌ಗಳೂ ಹಾಗೆ ಮಾಡುವುದಿಲ್ಲ, ಒಂದು ಕಡೆಯ ಕಣಜಗಳು ಕೆಲವೇ ಸಲದ ಬಳಿಕ ಬೇಟೆಯನ್ನು ನೇರ ಒಳಗೆ ಎಳೆದುಕೊಂಡವು ಎಂದು ಫಾಬ್ರ್ ಅವರೇ ಬರೆದಿದ್ದರು. ಕತೆ ಹಬ್ಬಿದಾಗ ಆ ಸಾಲು ಬಿಟ್ಟುಹೋಯಿತು. ಫ್ರೆಡ್ ಕೈಜರ್ ಎಂಬ ತತ್ತ್ವಶಾಸ್ತ್ರಜ್ಞ 2013ರಲ್ಲಿ ಈ ಕತೆಯ ಪ್ರಯಾಣವನ್ನೇ ಹಿಂಬಾಲಿಸಿ, ಸಂಶಯಾಸ್ಪದ ಪ್ರಸಂಗವೊಂದು ದಶಕಗಳ ಕಾಲ ಸಾಕ್ಷಿಯಾಗಿ ಬಳಕೆಯಾದ ಬಗೆ ತೋರಿಸಿದರು. ಒಂದು ಗಟ್ಟಿ ಬಾಣ ಉಳಿಯಿತು, ಅದರ ಪಕ್ಕದ ಅಪವಾದದ ಬಾಣ ಅಳಿಯಿತು.

ಅಪವಾದವನ್ನು ಉಳಿಸಿಕೊಂಡವರಿಗೆ ಏನು ಸಿಗುತ್ತದೆ ಎಂಬುದಕ್ಕೂ ಕಣಜವೇ ನಿದರ್ಶನ. ಅಮೆರಿಕದ ಜೇನ್ ಬ್ರಾಕ್‌ಮನ್ ನೆಲ ತೋಡುವ ಸ್ಫೆಕ್ಸ್ ಕಣಜಗಳನ್ನು ಒಂದೊಂದಾಗಿ ಗುರುತುಮಾಡಿ ಬಹುಕಾಲ ನೋಡಿದರು. ಕೆಲವೊಮ್ಮೆ ಕಣಜ ತಾನೇ ಬಿಲ ತೋಡುತ್ತದೆ, ಕೆಲವೊಮ್ಮೆ ಇನ್ನೊಂದು ತೋಡಿದ ಬಿಲಕ್ಕೆ ಹೊಗುತ್ತದೆ. ಹೊಕ್ಕ ಬಿಲ ಪಾಳುಬಿದ್ದದ್ದೂ ಇರಬಹುದು, ಒಡತಿ ಇರುವಂಥದ್ದೂ ಇರಬಹುದು. 1979ರಲ್ಲಿ ಅವರು ಅಲನ್ ಗ್ರಾಫೆನ್ ಮತ್ತು ರಿಚರ್ಡ್ ಡಾಕಿನ್ಸ್ ಜೊತೆ ಪ್ರಕಟಿಸಿದ ಲೇಖನ ಈ ಕವಲುಗಳ ಲೆಕ್ಕದ ಮೇಲೆಯೇ ನಿಂತಿದೆ. ತೋಡುವುದು ಸಹಜ, ಹೊಗುವುದು ದಾರಿತಪ್ಪಿದ್ದು ಎಂದು ಒಂದು ಬಾಣ ಕೈಬಿಟ್ಟಿದ್ದರೆ ಆ ಲೇಖನವೇ ಇರುತ್ತಿರಲಿಲ್ಲ.

ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರ ಕೆಲಸ ಇದೇ ಜಾತಿಯದು. ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಗುಂಪುಬಾಳ್ವೆಯ ಕಣಜದ ಗೂಡುಗಳಲ್ಲಿ ಒಂದೊಂದು ಹುಳು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಳೆಯುತ್ತದೆ ಎಂದು ಅವರೂ ಎನ್. ವಿ. ಜೋಶಿ ಅವರೂ ಲೆಕ್ಕವಿಟ್ಟರು. ಕೂರುವವು, ಕಾದಾಡುವವು, ಆಹಾರ ತರುವವು ಎಂಬ ಮೂರು ಗುಂಪು ಅದರಿಂದ ಹೊರಬಂದದ್ದು 1983ರ ಅವರ ಲೇಖನದಲ್ಲಿದೆ. ಈ ಜಾತಿಯ ರಾಣಿ ಜಗಳಗಂಟಿಯಲ್ಲ, ಕೂರುವವರ ಗುಂಪಿನವಳು. ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲಸಗಾರ್ತಿಯೊಬ್ಬಳು ಹಠಾತ್ತನೆ ಉಗ್ರಳಾಗುತ್ತಾಳೆ. ರಾಣಿಯನ್ನು ಮರಳಿ ಬಿಟ್ಟರೆ ಆ ಉಗ್ರತೆ ಇಳಿಯುತ್ತದೆ, ಬಿಡದಿದ್ದರೆ ಅವಳೇ ಮುಂದಿನ ರಾಣಿ. ರಾಣಿ ಇಲ್ಲ ಎಂಬ ಒಂದು ಘಟನೆಗೆ ಕಾದಿದ್ದ ಬಾಣ ಅದು. ಆ ಘಟನೆಯನ್ನು ಬೇಕೆಂದೇ ಉಂಟುಮಾಡಿ ನೋಡುವವರೆಗೆ ಯಾರ ಟಿಪ್ಪಣಿಗೂ ಸುಲಭವಾಗಿ ಬರುವಂತಿರಲಿಲ್ಲ.

ಒಂದು ಹುಳುವಿನ ಸರಣಿ ಒಂಟಿಯಾಗಿಯೂ ನಡೆಯುವುದಿಲ್ಲ. ಸೆಲಿಫ್ರಾನ್ ಮಣ್ಣು ಮೆತ್ತುತ್ತಿರುವಾಗ ತುಸು ದೂರದಲ್ಲಿ ಲೋಹದ ಹೊಳಪಿನ ಹಸಿರು ನೀಲಿ ಕೋಗಿಲೆ ಕಣಜ ಓಡಾಡುತ್ತಿರುತ್ತದೆ. ಅನ್ಯರ ಗೂಡಿನಲ್ಲಿ ಮೊಟ್ಟೆಯಿಡುವ ಹುಳು ಅದು. ಒಡತಿ ಎರಗಿದರೆ ಗಟ್ಟಿ ಚಿಪ್ಪಿನ ಮೈಯನ್ನು ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಮರ್ಮೇಡ್‌ನ ಸ್ಥಿತಿಚಿತ್ರದಲ್ಲಿ ಎರಡು ಅಡ್ಡಗೆರೆಗಳ ಒಂದು ಸಾಲು ಹಾಕಿದರೆ ಒಂದೇ ಚೌಕದೊಳಗೆ ಎರಡು ಸರಣಿಗಳು ಏಕಕಾಲಕ್ಕೆ ನಡೆಯುವುದನ್ನು ತೋರಿಸಬಹುದು. ಒಡತಿ ದೂರ ಹೋದಳು ಎಂಬ ಘಟನೆ ಒಂದು ಕಡೆ ಬೇಟೆಯ ಆರಂಭ, ಇನ್ನೊಂದು ಕಡೆ ಗೂಡಿನ ಬಳಿ ಬರಲು ಸಮಯ. ಟಿನ್‌ಬರ್ಗನ್‌ರ ಮೀನಿನಂತೆ ಇಬ್ಬರ ನಡುವಿನ ಕೊಡುಕೊಳ್ಳುವಿಕೆ ಮುಖ್ಯವಾದಲ್ಲಿ ಅದೇ ಲೈಬ್ರರಿಯ ಅನುಕ್ರಮ ಚಿತ್ರ ಹೆಚ್ಚು ಹೊಂದುತ್ತದೆ: ಇಬ್ಬರಿಗೂ ಒಂದೊಂದು ನಿಂತ ಗೆರೆ, ನಡುವೆ ಹೋಗಿಬರುವ ಬಾಣಗಳು, ಮೇಲಿನಿಂದ ಕೆಳಕ್ಕೆ ಇಳಿಯುವ ಹೊತ್ತು.

ಬಾಣದ ಸಾಲುಗಳು ಹೇಳದೆ ಉಳಿಸುವುದು ಬಹಳ. ಒಂದು ಬಾಣ ಅರೆಗಳಿಗೆಯದೋ ಅರ್ಧ ದಿನದ್ದೋ ಚಿತ್ರದಿಂದ ತಿಳಿಯುವುದಿಲ್ಲ. ನೂರು ಸಲ ಕಂಡ ನಡೆಗೂ ಒಮ್ಮೆ ಕಂಡ ನಡೆಗೂ ಒಂದೇ ಗೆರೆ. ಎಷ್ಟು ಸಲ ಎಂಬುದನ್ನು ಬಾಣದ ಮೇಲಿನ ಮಾತಿನಲ್ಲಿ ನಾವೇ ಬರೆಯಬೇಕು. ಮೀಸೆ ಆಡಿಸಿದ್ದು ಒಂದು ಘಟನೆಯೋ, ಗೂಡು ನೋಡುವುದರ ಒಂದು ಭಾಗವೋ ಎಂದು ಲೈಬ್ರರಿ ಹೇಳುವುದಿಲ್ಲ. ನಡವಳಿಕೆಯನ್ನು ಎಲ್ಲಿ ಕತ್ತರಿಸಿ ಯಾವ ಹೆಸರು ಕೊಡಬೇಕು ಎಂಬುದು ನೋಡುವವರ ತೀರ್ಮಾನ. ಆ ತೀರ್ಮಾನದ ಮೇಲೆ ಉಳಿದದ್ದೆಲ್ಲ ನಿಂತಿದೆ. ಬೇಟೆ ಎಂದು ಬರೆದರೆ ಉ‌ದ್ದೇಶ ಹೇಳಿದಂತಾಯಿತು. ಜೇಡ ಕಚ್ಚಿ ಬಂತು ಎಂದು ಬರೆದರೆ ಕಂಡದ್ದನ್ನು ಹೇಳಿದಂತಾಯಿತು. ಎರಡನೆಯದು ಹೆಚ್ಚು ದಿನ ಬಾಳುತ್ತದೆ.

ಇಷ್ಟೆಲ್ಲ ಮಿತಿಯಿದ್ದೂ ಈ ಬಗೆಯ ಬರವಣಿಗೆ ಹೊಲ ಗದ್ದೆ ಕಾಡು ನೋಡುವವರಿಗೆ ಒದಗುವಂಥದ್ದೆಂದೇ ನನ್ನ ಅಭಿಪ್ರಾಯ. ಚಿತ್ರ ಹಾಳಾದರೂ ಸಾಲು ಉಳಿಯುತ್ತದೆ. ಮುಂದೆ ಮರ್ಮೇಡ್ ಬಳಕೆ ತಪ್ಪಿದರೂ ಬಾಣದ ಎಡಬಲ ಓದಿ ಹೊಸ ಚಿತ್ರ ಬರೆಯಬಹುದು. ಇಬ್ಬರು ಬೇರೆ ಬೇರೆ ಊರಿನಲ್ಲಿ ಬರೆದ ಸಾಲುಗಳನ್ನು ಅಕ್ಕಪಕ್ಕ ಇಟ್ಟರೆ ಎಲ್ಲಿ ಬೇರೆಯಾದವು ಎಂಬುದು ಒಡನೆ ಕಾಣುತ್ತದೆ. ಆ ಬೇರೆಯಾದ ಸಾಲು ಇಬ್ಬರಲ್ಲಿ ಒಬ್ಬರ ಕಣ್ತಪ್ಪೂ ಇರಬಹುದು, ಎರಡು ಊರಿನ ಹುಳುಗಳ ನಿಜವಾದ ಭೇದವೂ ಇರಬಹುದು. ಯಾವುದೆಂದು ತಿಳಿಯಲು ಮತ್ತೆ ಹೋಗಿ ಕೂರುವುದೊಂದೇ ದಾರಿ.

ನಿಮ್ಮ ಹಿತ್ತಲಿನಲ್ಲಿ ಎಲೆ ಹೊಲಿಯುವ ಚಗಳಿ ಇರುವೆ ಇರಬಹುದು, ಕರಿಬೇವಿನ ಗಿಡದ ಮೇಲೆ ಚಿಟ್ಟೆಯ ಹುಳ ಇರಬಹುದು. ಒಂದನ್ನು ಆರಿಸಿಕೊಳ್ಳಿ. ಒಂದು ನಡೆ, ಒಂದು ಬಾಣ, ಮುಂದಿನ ನಡೆ ಎಂದು ಬರೆಯುತ್ತ ಹೋಗಿ. ಕಾಗದದ ಮೇಲಾದರೂ ಸರಿ, ಫೋನಿನಲ್ಲಾದರೂ ಸರಿ. ಒಮ್ಮೆ ಮಾತ್ರ ಕಂಡದ್ದನ್ನು ಅಳಿಸಬೇಡಿ. ಕೇಳಿದ್ದಕ್ಕೆ, ಓದಿದ್ದಕ್ಕೆ, ಊಹಿಸಿದ್ದಕ್ಕೆ ಚುಕ್ಕಿ ಗೆರೆ ಸಾಕು. ಕಾಣದೆ ಗಟ್ಟಿ ಗೆರೆ ಎಳೆಯಬೇಡಿ.